ಬೇವಿನ ಮರದಿಂದ ಬದುವಿನ ಕಲ್ಲಿಗೆ

ಮಣ್ಣು ಮಾಡಿ, ಕಾರ್ಯ ಮುಗಿಸಿ, ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಶಾಂಭವಿ ಬಾಗಿಲು ತೆಗೆದಾಗ, ಪಾಲಾಕ್ಷ ಅಂಗಳದಲ್ಲಿದ್ದ ಯಂತ್ರದ ಟೈರನ್ನು ಒದ್ದು ನೋಡುತ್ತಿದ್ದ.

ಅವಳು ಅಭ್ಯಾಸಬಲದಿಂದ ಮೂರು ಲೋಟ ಚಹಾ ಸೋಸಿದ್ದಳು. ಅತ್ತೆಗೊಂದು, ತನಗೊಂದು. ಮೂರನೆಯದನ್ನು ಏನು ಮಾಡುವುದೆಂದು ತಿಳಿಯದೆ ನಿಂತಾಗ ಪಾಲಾಕ್ಷನೇ ಎತ್ತಿಕೊಂಡ. ಅತ್ತೆ ಅನ್ನದಾನಮ್ಮನ ತಮ್ಮ ಅವನು, ಶಾಂಭವಿಯ ಸತ್ತ ಗಂಡನಿಗೆ ಸೋದರಮಾವ. ಈ ಮನೆಯಲ್ಲಿ ಏನು ಮಿಕ್ಕರೂ ಅವನಿಗೆ ಮೊದಲು ಗೊತ್ತಾಗುತ್ತಿತ್ತು.

“ಅರುಣ ಛಲೋ ಮಾಲೇ ತಂದಾನ ಬಿಡು,” ಎಂದ. “ಗಿಡ್ಡಂದು, ನಾಕು ಚಕ್ರದ್ದು. ಎಂಥಾ ಸಣ್ಣ ಓಣ್ಯಾಗೂ ಹೊಕ್ಕೈತಿ.”

ಅರುಣಕುಮಾರ್ ಆ ಮರಿ ಜೆಸಿಬಿಯನ್ನು ಹಡಗಲಿಯ ಯೂಸುಫ್ ಸಾಬರ ಗ್ಯಾರೇಜಿನಿಂದ ಓಡಿಸಿಕೊಂಡು ಬಂದು ನಿಲ್ಲಿಸಿದ್ದ. ಮರುದಿನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮನೆಗೆ ತಂದು ನೋಡಿ ಕೊಳ್ಳುವುದು ಜಾಣತನವೆಂದು ಊರು ಮೆಚ್ಚಿಕೊಂಡಿತ್ತು. ಮಣ್ಣಿಗೆ ಬಂದಿದ್ದ ಯೂಸುಫ್ ಸಾಬ್, “ಗಾಡೀದು ಅವಸರಿಲ್ಲಮ್ಮ, ನಿಧಾನಕ್ಕ ನೋಡ್ರಿ,” ಎಂದದ್ದನ್ನು ಕೇಳಿ ಪಾಲಾಕ್ಷನಿಗೆ ಸಾಬರ ವ್ಯಾಪಾರದ ನಯ ಬಹಳ ಹಿಡಿಸಿತ್ತು.

“ಹಿಂಗ ಮಾಡೂಣು. ನಿನ್ನ ಮಲ್ಲಿಗಿ ತೋಟ ನನಗ ಕೊಡು. ಬಂದ ರೊಕ್ಕದಾಗ ಇದನ್ನ ತಗೊ. ಗಾಡಿ ನಿನ್ನ ಹೆಸರಿಲೇ ಇರ್ಲಿ, ನಾ ಓಡಸ್ತೀನಿ. ಅರುಣ ಹಿತ್ತಲದಾಗ ತಂದಿಟ್ಟ ಪೈಪೂ ಇನ್ನ ನಿನಗ್ಯಾಕ? ಎಂ.ಎ. ಓದಿದಾಕಿ, ಬಿಸಲಾಗ ಯಾಕ ಸಾಯ್ತಿ?”

ತೋಟ ಒಣಗುತ್ತಿದ್ದುದು ನಿಜ. ಅವಳಿಗೆ ಉಳಿದಿದ್ದು ಅದೊಂದೇ. ಅದೂ ಹೋದರೆ ತವರಿನ ಬಸ್ಸು. ಗಂಡನ ಮನೆಯ ಬೋರ್‌ವೆಲ್ ಪಾಲಾಕ್ಷನ ಹೊಲದ ಆಚೆ, ಬೇವಿನ ಮರದ ನೆರಳಿನಲ್ಲಿತ್ತು, ತೋಟ ಈಚೆ. ಅರುಣಕುಮಾರ್ ನಡುವೆ ಪೈಪಿಗೆ ದಾರಿ ಕೇಳಿದಾಗಲೆಲ್ಲ ಪಾಲಾಕ್ಷನದು ಒಂದೇ ಉತ್ತರ: “ನನ್ನ ಹೊಲಕ್ಕ ಗುದ್ದಲಿ ಬೀಳಂಗಿಲ್ಲ.”

“ಕೊಳ್ಳೋದಾದ್ರ ನೋಡಿ ಕೊಳ್ಳಬೇಕಲ್ಲ ಮಾವ,” ಎಂದಳು ಶಾಂಭವಿ. “ತೋಟದಾಗ ಅಗದು ನೋಡೂಣು?”

ಪಾಲಾಕ್ಷ ಗಲ್ಲ ಬಡಿದುಕೊಂಡ. “ಸತ್ತ ಮನಿ ಐತಿ. ವರ್ಷ ತುಂಬೂತನಕ ನಿಮ್ಮ ಭೂಮ್ಯಾಗ ಹೊಸಾದೇನೂ ಶುರು ಮಾಡಂಗಿಲ್ಲ!”

ತೋಟ ಮಾರುವುದಕ್ಕೆ ಮಾತ್ರ ಈ ಶಾಸ್ತ್ರ ಅಡ್ಡ ಬರುತ್ತಿರಲಿಲ್ಲ.

“ಹಂಗಾರ ವರ್ಷ ತುಂಬಲಿ ಬಿಡ್ರಿ.”

ಪಾಲಾಕ್ಷ ಚಡಪಡಿಸಿದ. ಅಷ್ಟರಲ್ಲಿ ಬೇರೆ ಯಾರಾದರೂ ಹಾರಿಸಿಕೊಂಡು ಹೋದರೆ? ತನ್ನ ಮನೆ ಬೇರೆ; ತನಗೆ ಮೈಲಿಗೆಯಿಲ್ಲ. “ನನ್ನ ಹೊಲದಾಗ ಅಗದ್ರಾತು,” ಎಂದ, ದೊಡ್ಡ ಉಪಾಯ ಹೊಳೆದವನಂತೆ.

ಯಂತ್ರಕ್ಕೆ ಕುಂಕುಮ ಬಿತ್ತು, ಚಕ್ರಗಳಡಿಗೆ ನಿಂಬೆಹಣ್ಣು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಪಾಲಾಕ್ಷ ಸೀಟು ಹತ್ತಿದ. ಊರ ಗಂಡಸರು ಕೆಲಸ ಬಿಟ್ಟು ಬದುವಿನ ಮೇಲೆ ಕೂತರು.

“ಒಂದು ಗುಂಡಿ ಯಾರಾದ್ರೂ ತೆಗಿತಾರ ಮಾವ. ನೆಟ್ಟಗ ಹೊಕ್ಕೈತೋ ಇಲ್ಲೋ ನೋಡಬೇಕು. ಆ ಬೇವಿನ ಮರದಿಂದ ಈ ಬದುವಿನ ಕಲ್ಲಿನ ತನಕ.”

“ಪಾಲಾಕ್ಷಣ್ಣ, ನೆಟ್ಟಗ?” ನೆರೆಹೊಲದ ಹುಲುಗಣ್ಣ ಬೀಡಿ ತೆಗೆದು ನಕ್ಕ. “ಇವ ಹೊಡದ ಸಾಲಿನಾಗ ಹಾವೂ ದಾರಿ ತಪ್ಪತೈತಿ.”

“ಬಾಯಿ ಮುಚ್ಚಲೇ!”

ಅಷ್ಟು ಸಾಕಾಯಿತು. ತೋಟವೂ ಯಂತ್ರವೂ ನಾಳೆ ತನ್ನ ಕೈಗೇ ಬರುವಾಗ ಎಲ್ಲಿಂದ ಎಲ್ಲಿಗೆ ಅಗೆದರೇನು? ಊಟದ ಹೊತ್ತಿಗೆ ಕಾಲುವೆ ಕಲ್ಲು ಮುಟ್ಟಿತ್ತು, ದಾರ ಹಿಡಿದು ಎಳೆದಷ್ಟು ನೇರ.

“ಮುಚ್ಚೋದನ್ನ ಉಂಡು ಬಂದು ತೋರಸ್ರಿ,” ಎಂದಳು.

ಪಾಲಾಕ್ಷ ಉಂಡ, ಮಲಗಿದ. ನೋಡಲು ಬಂದವರೂ ಮನೆ ಸೇರಿದರು. ಅತ್ತೆ ಸೊಸೆ ಉಣ್ಣಲಿಲ್ಲ. ಬಿಸಿಲಿಳಿದ ಮೇಲೆ ಬಂದವನು ಅಕ್ಕನ ಸೀರೆಯ ಅಂಚಿನ ಕೆಸರು ನೋಡಿ, “ಇದೇನಬೇ ಅಕ್ಕ?” ಎಂದ.

“ಮಗ ಮಣ್ಣಾಗ ಹೋದ ಮ್ಯಾಲೆ ನನಗೂ ಮಣ್ಣೇ ಗತಿ ಆಗೈತಿ,” ಎಂದಳು ಅನ್ನದಾನಮ್ಮ.

ಪಾಲಾಕ್ಷ ಬೇರೆ ಕಡೆ ನೋಡಿದ. ಕಾಲುವೆಯ ತಳಕ್ಕೆ ಉದುರಿದ್ದ ಸಡಿಲ ಮಣ್ಣಿನ ಕಡೆಯೂ ನೋಡದೆ, ಯಂತ್ರದ ಹಲಗೆಯಿಂದ ಉದ್ದಕ್ಕೂ ಮುಚ್ಚಿ, ಗುರುತೂ ಸಿಗದಂತೆ ಸಮ ಮಾಡಿದ. ಹುಲುಗಣ್ಣ ಕೂಡ ಭೇಷ್ ಎಂದ.

ಇನ್ನು ರಸ್ತೆಯ ಪರೀಕ್ಷೆಯೊಂದು ಉಳಿದಿತ್ತು. ಮರುದಿನ ಪಾಲಾಕ್ಷ ಯಂತ್ರವನ್ನು ತಾನೇ ಹಡಗಲಿಗೆ ಓಡಿಸಿದ, ಪರಿಚಯದವರಿಗೂ ಅಲ್ಲದವರಿಗೂ ಹಾರ್ನು ಹೊಡೆಯುತ್ತ. ಶಾಂಭವಿ ಬಸ್ಸಿನಲ್ಲಿ ಹೋದಳು.

ಗ್ಯಾರೇಜಿನ ಮುಂದೆ ಇಳಿದು ಅಂಗಿ ಕೊಡವಿ ಪಾಲಾಕ್ಷ ಎದೆ ಸೆಟೆಸಿದ. “ಹೂಂ ಸಾಬ್ರ, ಎಳದಾಡೋದು ಬ್ಯಾಡ. ಕಡೀ ರೇಟು ಹೇಳ್ರಿ.”

“ಯಾತರ ರೇಟ್ರಿ?” ಎಂದರು ಯೂಸುಫ್ ಸಾಬ್.

ಶಾಂಭವಿ ಯಂತ್ರದ ಕೀಲಿ ಕಿತ್ತು ಅವರ ಅಂಗೈಯಲ್ಲಿಟ್ಟಳು. “ಪೈಪ್ ಹಾಕಾಕ ಎರಡು ದಿನ ಅಂತ ಅವ್ರು ನಿಮ್ಮ ಹತ್ರ ಕೇಳಿ ಇಸ್ಕೊಂಡಿದ್ದ ಗಾಡಿ, ಚಾಚಾ. ಪೈಪ್ ಹಾಕೇವಿ. ನಿನ್ನಿ ಸಂಜಿಮುಂದ ಮಲ್ಲಿಗಿಗೆ ನೀರು ಬಂತು.”