ಮೂಸಿ ಹೊಳೆ ಬಂದ ದಿನ

“ಮೂಸಿ ಹೊಳಿ ಬಂದು ಹೈದರಾಬಾದ್ ಮುಳುಗಿತ್ತಲ್ಲರಿ, ಅದೇ ದಿನ ಹುಟ್ಟ್ಯಾನ ನಮ್ಮ ನೀಲಕಂಠ,” ಎಂದು ಶಂಕ್ರಮ್ಮ ಹೆಮ್ಮೆಯಿಂದ ಹೇಳಿದಳು. ಮಗನಿಗೆ ಹೆಣ್ಣು ನೋಡಲು ಗಂಡ ಸೂಗಪ್ಪನೊಡನೆ ಕಲಬುರಗಿಯಿಂದ ಕಮಲಾಪುರಕ್ಕೆ ಬಂದಿದ್ದಳು. ನೀಲಕಂಠ ಪಕ್ಕದಲ್ಲೇ ಹೊಸ ರುಮಾಲು ಸುತ್ತಿಕೊಂಡು, ಆ ಪ್ರವಾಹಕ್ಕೆ ತಾನೇ ಕಾರಣ ಎಂಬಂತೆ ತಲೆ ತಗ್ಗಿಸಿ ಕೂತಿದ್ದ.

ಹೆಣ್ಣಿನ ತಾಯಿ ಭಾಗಮ್ಮನಿಗೆ ಅವಳ ತಮ್ಮ ದತ್ತಪ್ಪ ಬೆಳಗಿನಿಂದ ಒಂದೇ ಮಾತನ್ನು ಗಿಣಿಪಾಠ ಮಾಡಿಸಿದ್ದ: ಹುಡುಗಿ ಹುಟ್ಟಿದ್ದು ಹೈದರಾಬಾದಿನ ನವಾಬ ಮಹಬೂಬ್ ಅಲಿ ಪಾಶಾ ತೀರಿಕೊಂಡ ದಿನ. ಹಾಗಂದರೆ ಮೂಸಿ ಉಕ್ಕಿದ ಮೂರು ವರ್ಷಕ್ಕೆ. ಹದಿನೆಂಟರ ಶಾರದಾ ಹದಿನೈದಕ್ಕೆ ಇಳಿಯುತ್ತಿದ್ದಳು. ಆದರೆ ಶಂಕ್ರಮ್ಮನ ಜಂಬ ಕಂಡು ಭಾಗಮ್ಮನಿಗೆ ತಡೆಯಲಾಗಲಿಲ್ಲ.

“ಅಯ್ಯ, ನಮ್ಮ ಶಾರದಾನೂ ಅದೇ ದಿನ ಹುಟ್ಟ್ಯಾಳರಿ! ನಮ್ಮ ಎಮ್ಮಿ ಅವಳಿ ಕರ ಹಾಕಿದ್ದೂ ಅವತ್ತೇ!”

ದತ್ತಪ್ಪ ಕೆಮ್ಮಿದ. ಸೂಗಪ್ಪನ ಹುಬ್ಬು ಮೇಲೇರಿತು. “ಹೆಣ್ಣು ಗಂಡಿಗಿಂತ ಸಣ್ಣಾಕಿ ಇರಬೇಕಲ್ಲರಿ?”

“ಇದ್ದಾಳ್ರಿ, ಇದ್ದಾಳ,” ದತ್ತಪ್ಪ ಅವಸರದಿಂದ ಎಂದ. “ಹುಡುಗ ಎಷ್ಟೊತ್ತಿಗಿ ಹುಟ್ಟ್ಯಾನ?”

“ಮಧ್ಯಾಹ್ನ,” ಎಂದಳು ಶಂಕ್ರಮ್ಮ.

“ನೋಡ್ರಿ ಮತ್ತ! ನಮ್ಮಾಕಿ ದೀಪ ಹಚ್ಚೋ ಹೊತ್ತಿಗಿ.”

“ಏ ದತ್ತ್ಯಾ, ನಸುಕಿನ್ಯಾಗ ಅಲ್ಲೇನೋ?” ಭಾಗಮ್ಮ ಸಿಡುಕಿದಳು. “ಬ್ಯಾನಿ ತಿಂದಾಕಿ ನಾನಾ, ನೀನಾ?”

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆನೆಂದು ತಿಳಿಯಿತು. ಈ ಹಿಂದೆ ನೋಡಲು ಬಂದವರೆಲ್ಲ ಹುಡುಗಿ ಬೆಳೆದುಬಿಟ್ಟಿದ್ದಾಳೆ ಎಂಬ ನೆವ ಹೇಳಿ ತಿರುಗಿ ಹೋಗಿದ್ದರು. ಈಗ ಸೂಗಪ್ಪನೂ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಎದ್ದು ನಿಂತ. ಭಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಾಗಿಲ ಮರೆಯಲ್ಲಿದ್ದ ಶಾರದಾ ಹೊರಗೆ ಬಂದಳು. “ಹೊಳಿ ಬಂದ ದಿನ ಹುಟ್ಟ್ಯಾರಲ್ಲ, ಅವರಿಗಿ ಈಸಾಕ ಬರ್ತದೇನ್ರಿ?”

ನೀಲಕಂಠ ರೂಢಿಯಂತೆ ತಾಯಿಯ ಮುಖ ನೋಡಿದ.

“ನನ್ನ ಮಾರಿ ಏನ್ ನೋಡ್ತಿ?” ಎಂದಳು ಶಂಕ್ರಮ್ಮ. “ಆಕಿಗಿ ಹೇಳು.”

“ಬರಂಗಿಲ್ಲ,” ಎಂದ ನೀಲಕಂಠ.

“ನನಗ ಬರ್ತದ. ಅರ್ಧ ದಿನ ದೊಡ್ಡಾಕಿ ಇದ್ದೀನಲ್ಲ, ಕಲಿಸ್ತೀನಿ.”

ನೀಲಕಂಠ ಅವಳನ್ನು ನೋಡಿ ನಕ್ಕೇಬಿಟ್ಟ. ಆಮೇಲೆ, ಜನ್ಮದಲ್ಲಿ ಎಂದೂ ಅಪ್ಪನಿಗೆ ಹೀಗೆ ಹೇಳದವನು, “ಅಪ್ಪ, ಕೂಡ್ರು,” ಎಂದ. ಸೂಗಪ್ಪ ಬೆರಗಿನಿಂದಲೇ ಕೂತ.

ಸಂಬಂಧ ಕುದುರಿ ಸಕ್ಕರೆ ಹಂಚುವ ಗಡಿಬಿಡಿಯಲ್ಲಿ ಶಂಕ್ರಮ್ಮ ಭಾಗಮ್ಮನನ್ನು ಅಡುಗೆಮನೆಯ ಮೂಲೆಗೆ ಎಳೆದೊಯ್ದು ಪಿಸುಗುಟ್ಟಿದಳು:

“ಯಾರ ಮುಂದೂ ಅನಬ್ಯಾಡ್ರಿ. ನಮ್ಮವ ಹುಟ್ಟಿದ್ದು ಹೊಳಿ ಬಂದ ದಿನ ಅಲ್ರಿ. ಅದಾದ ನಾಕು ದಿನಕ್ಕ, ಹೊಳಿ ಬಂದದ್ದು ನಮಗ ಗೊತ್ತಾದ ದಿನ.”