ಬಿಗಿ ಅಂಗಿ

ಈ ಸಲದ ಮಂತ್ರಸ್ಪರ್ಧೆಗೆ ಟೈಲರ್ ಜಲಜಾಕ್ಷಿ ಹೊಲಿಯುತ್ತಿದ್ದುದು ಹನ್ನೊಂದನೆಯ ಅಂಗಿ. ಹೋದ ಮಕ್ಕಳಲ್ಲಿ ಒಬ್ಬರಷ್ಟೇ ಬದುಕಿ ಬರುತ್ತಾರೆ. ಉಳಿದವರ ಅಂಗಿ ಮಾತ್ರ ಮನೆಗೆ ಬರುತ್ತದೆ. ಅದು ಆ ಮನೆಯಲ್ಲಿ ಇನ್ಯಾವ ಮಗುವಿನ ಮೈಗೆ ಸರಿಹೊಂದುತ್ತದೋ, ಮುಂದಿನ ವರ್ಷ ಆ ಮಗುವಿನ ಸರದಿ.

“ಬೆಳೆಯೋ ಹುಡುಗಿ, ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲೀರಿ. ಗೆದ್ದು ಬಂದ್ಮೇಲೂ ಹಾಕ್ಕೋಬಹುದು,” ಎಂದು ಹೇಳಿ ಚಿತ್ಕಳಾಳ ತಾಯಿ ಗುಂಡಿ ತರಲು ಪಕ್ಕದ ಅಂಗಡಿಗೆ ಹೋದಳು.

ಹದಿನಾರರ ಚಿತ್ಕಳಾ ಪಿಸುಗುಟ್ಟಿದಳು: “ಒಂದಿಂಚೂ ಬಿಡಬೇಡಿ ಅಕ್ಕಾ. ಎಷ್ಟಾಗುತ್ತೋ ಅಷ್ಟು ಬಿಗಿ ಮಾಡಿ. ತಂಗಿ ನನಗಿಂತ ಸ್ವಲ್ಪಾನೇ ದಪ್ಪ.”

ಜಲಜಾಕ್ಷಿ ಬರೆದುಕೊಂಡಿದ್ದ ಅಳತೆಯನ್ನು ಹೊಡೆದುಹಾಕಿದಳು. ಟೇಪನ್ನು ಮತ್ತೆ ಹುಡುಗಿಯ ಎದೆಗೆ ಸುತ್ತಿದಳು.

“ಉಸಿರು ಪೂರ್ತಿ ಬಿಡು,” ಎಂದಳು. “ಹಾಂ, ಮತ್ತೆ ಎಳ್ಕೋಬೇಡ.”