ಸಟ್ಟುಗ ಮತ್ತು ಹರಿವೆ ಬೀಜ

ಬುಧವಾರ ಮಧ್ಯಾಹ್ನದೊಳಗೆ ಹನ್ನೊಂದನೆಯ ಸಲ ಪೂವಪ್ಪ ದೋಸೆ ಸಟ್ಟುಗ ಹಿಡಿದು ಹಿತ್ತಿಲಿಗೆ ಓಡಿದ. ಕುರ್ಲಾದ ಆ ಬಿಲ್ಡಿಂಗಿನ ಹಿತ್ತಿಲೆಂದರೆ, ಹಸುವೊಂದು ಮಲಗಿದರೆ ಬಾಲ ಪಕ್ಕದ ಸೊಸೈಟಿಗೆ ಸೇರುವಷ್ಟು ಜಾಗ. ಅಲ್ಲಿ ಹಳೇ ಹಲಗೆ ಜೋಡಿಸಿ, ಮಣ್ಣು ತುಂಬಿ ಅವನು ಕಟ್ಟಿದ ಸೊಂಟದೆತ್ತರದ ಮಡಿಗೆ ಲೋಕಲ್ ಟ್ರೇನು ಬಂದು ಗುದ್ದಿದರೂ ಟ್ರೇನೇ ಕ್ಷಮೆ ಕೇಳಬೇಕು.

ಆದರೆ ಮಡಿಯಲ್ಲಿ ಒಂದೆಲೆಯೂ ಇಲ್ಲ. ರವಿವಾರದೊಳಗೆ ಮೊಳಕೆ ಕಾಣದಿದ್ದರೆ ಅದನ್ನು ಕಿತ್ತು, ಸಿಮೆಂಟು ಹಾಕಿ ಸ್ಕೂಟರು ನಿಲ್ಲಿಸುವುದೆಂದು ಬಿಲ್ಡಿಂಗಿನ ಸೆಕ್ರೆಟರಿ, ಧಾರವಾಡದ ಅನಿಲ, ಹೇಳಿ ಹೋಗಿದ್ದ. ಇಡೀ ಕುರ್ಲಾಕ್ಕೆ ಹರಿವೆ ಸೊಪ್ಪಿನ ಪಲ್ಯ ಹಂಚುತ್ತೇನೆಂದು ಪೂವಪ್ಪ ಕೊಚ್ಚಿಕೊಂಡಿದ್ದ.

ಗ್ರಾಂಟ್ ರೋಡಿನ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆ ಹುಯ್ದ ಕೈ ಅದು. ಮುಂಬಯಿಯ ಅರ್ಧ ಜನ ಅವನ ದೋಸೆ ತಿಂದು ಬೆಳೆದವರು, ಉಳಿದರ್ಧ ಕೂರಲು ಜಾಗ ಸಿಗದೆ ಸೊರಗಿದವರು. ಹಾಕಿದ್ದನ್ನು ಮಗುಚದೆ ಬಿಟ್ಟು ಆ ಕೈಗೆ ಗೊತ್ತಿಲ್ಲ. ಎರಡು ಸಲ ಬಿತ್ತಿದ ಬೀಜವನ್ನೂ ಹಾಗೆಯೇ ಮಗುಚಿ ಮಗುಚಿ ಒಣಗಿಸಿದ್ದ.

ಹೆಂಡತಿ ವಸಂತಿ ಹಿಂದಿನಿಂದ ಬಂದು ಸಟ್ಟುಗ ಕಿತ್ತುಕೊಂಡಳು.

"ನೀರ್ದೋಸೆ ಮಗುಚ್ತೀರಾ ನೀವು?"

"ಎಂತ ಮಾತು ಮಾರಾಯ್ತಿ. ನೀರ್ದೋಸೆ ಯಾರು ಮಗುಚ್ತಾರೆ? ಮುಚ್ಚಿಡೂದು."

"ಹಾಗಾದ್ರೆ ಇದು ನೀರ್ದೋಸೆ."

ಕೊನೆಯ ಹಿಡಿ ಬೀಜವನ್ನು ತಾನೇ ಬಿತ್ತಿ, ಒದ್ದೆ ಗೋಣಿ ಮುಚ್ಚಿ, ಸಟ್ಟುಗವನ್ನು ಕಪಾಟಿನಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿದಳು.

ಮುಂದಿನ ನಾಲ್ಕು ದಿನ ಪೂವಪ್ಪ ಆ ಗೋಣಿಯ ಸುತ್ತ ನಡೆದ ದೂರದಲ್ಲಿ ಉಡುಪಿ ಮುಟ್ಟಿ, ಊಟ ಮಾಡಿ ವಾಪಸು ಬರಬಹುದಿತ್ತು. ಗೋಣಿಗೆ ಕಿವಿಯಿಟ್ಟು ಕೇಳಿದ. ಬಿಸಿಯಾಗಿದೆಯೇ ಎಂದು ಅಂಗೈ ಇಟ್ಟು ನೋಡಿದ. ಗೋಣಿಯ ಮೂಲೆ ಹಿಡಿದಾಗಲೆಲ್ಲ ಅಡುಗೆಮನೆಯಿಂದ ವಸಂತಿ ಕೆಮ್ಮುತ್ತಿದ್ದಳು.

ರವಿವಾರ ಬೆಳಿಗ್ಗೆ ಅನಿಲ ಅಳತೆ ಟೇಪು ಹಿಡಿದೇ ಬಂದ. ವಸಂತಿ ಗೋಣಿ ಎತ್ತಿದಳು. ಮಡಿಯ ತುಂಬ ಕೆಂಪು ದಂಟಿನ ಮೊಳಕೆಗಳು, ಎಳ್ಳು ಹಾಕಲೂ ಜಾಗವಿಲ್ಲ.

ಅನಿಲ ಟೇಪನ್ನು ಜೇಬಿಗಿಳಿಸಿ ಬಗ್ಗಿದ. "ಖರೇನ ಬಂದಾವೇನ್ರಿ ಅಣ್ಣಾ, ತಂದು ಚುಚ್ಚೀರೋ?" ಎನ್ನುತ್ತ ಒಂದನ್ನು ಕಿತ್ತು ನೋಡಲು ಕೈ ಚಾಚಿದ.

ಪೂವಪ್ಪ ಅವನ ಮಣಿಕಟ್ಟು ಹಿಡಿದ. "ಮುಟ್ಬೇಡಿ ಸಾಹೇಬ್ರೆ. ನೀರ್ದೋಸೆ ಅದು."

ಹಿಡಿದದ್ದು ಪೂವಪ್ಪನ ಬಲಗೈ. ಅವನದೇ ಎಡಗೈಯ ತೋರುಬೆರಳು ಅಷ್ಟರಲ್ಲಿ ಮಡಿಯ ಅಂಚಿನ ಮೊಳಕೆಯೊಂದರ ಬುಡವನ್ನು ಮೆಲ್ಲಗೆ ಕೆದಕತೊಡಗಿತ್ತು.